ಬೇಸ್‌ಬಾಲ್‌ನ ಹಳೆಯ ಆಟಗಾರರು: ದಾಖಲೆಗಳು ಮತ್ತು ಅವುಗಳ ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಬೇಸ್‌ಬಾಲ್ ಮೊದಲಿನಿಂದಲೂ ಲೆಕ್ಕದ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡೇ ಬೆಳೆದ ಆಟ. 1876ರಲ್ಲಿ ನ್ಯಾಷನಲ್ ಲೀಗ್, 1901ರಲ್ಲಿ ಅಮೆರಿಕನ್ ಲೀಗ್ ಪ್ರಮುಖ ಲೀಗ್ ಆಗಿ ನಿಂತವು. 1903ರಿಂದ ಇವೆರಡರ ಚಾಂಪಿಯನ್ ತಂಡಗಳು ವರ್ಲ್ಡ್ ಸೀರೀಸ್ ಹೆಸರಿನಲ್ಲಿ ಸೆಣಸತೊಡಗಿದವು. ಎರಡೂ ಲೀಗ್‌ಗಳನ್ನು ಒಟ್ಟಾಗಿ ಮೇಜರ್ ಲೀಗ್ ಎನ್ನುತ್ತಾರೆ. ಆ ಲೀಗ್‌ಗಳಲ್ಲಿ ಆಡಿದವರ ಪ್ರತಿಯೊಂದು ಹೊಡೆತವನ್ನೂ ತಪ್ಪನ್ನೂ ಬರೆದಿಟ್ಟ ಕಡತಗಳಿವೆ. ಅಮೆರಿಕನ್ನರು ಹಳೆಯ ಆಟಗಾರನನ್ನು ನೆನೆಯುವುದೇ ಒಂದು ಅಂಕಿಯ ಮೂಲಕ: 56 ಎಂದರೆ ಡಿಮ್ಯಾಜಿಯೊ, 714 ಎಂದರೆ ರೂತ್, 511 ಎಂದರೆ ಸೈ ಯಂಗ್. ಆ ಅಂಕಿ ಹೇಗೆ ಬಂತು, ಯಾರು ಎಣಿಸಿದರು, ಯಾರನ್ನು ಎಣಿಸದೇ ಬಿಟ್ಟರು ಎಂದು ಕೇಳುತ್ತ ಹೋದರೆ ಆಟದ ನಿಜವಾದ ಚರಿತ್ರೆ ಸಿಗುತ್ತದೆ.

ಕ್ರಿಕೆಟ್ ಬಲ್ಲ ಓದುಗರಿಗೆ ಒಂದು ವಿವರಣೆ ಅಗತ್ಯ. ಬೇಸ್‌ಬಾಲ್‌ನ ಬ್ಯಾಟಿಂಗ್ ಸರಾಸರಿ ರನ್ನುಗಳ ಲೆಕ್ಕವಲ್ಲ. ಬ್ಯಾಟರ್‌ಗೆ ಹತ್ತು ಸರದಿ ಸಿಕ್ಕಾಗ ಎಷ್ಟು ಸಲ ಚೆಂಡನ್ನು ಹೊಡೆದು ಔಟಾಗದೆ ಬೇಸ್ ಮುಟ್ಟಿದರು ಎಂಬುದರ ಲೆಕ್ಕ ಅದು. ಹೀಗೆ ಬೇಸ್ ಮುಟ್ಟಿಸಿದ ಹೊಡೆತಕ್ಕೆ ಹಿಟ್ ಎಂದು ಹೆಸರು. ಹತ್ತರಲ್ಲಿ ಮೂರು ಹಿಟ್ ಬಂದರೆ ಸರಾಸರಿ 0.300, ಅಂಥವರು ಒಳ್ಳೆಯ ಬ್ಯಾಟರ್. ನಾಲ್ಕು ಬಂದರೆ 0.400, ಅದು ಅತಿ ಅಪರೂಪದ ಸಾಧನೆ.

ಕ್ರಿಕೆಟ್‌ನಿಂದ ಬಂದವರು

1839ರಲ್ಲಿ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಊರಿನಲ್ಲಿ ಆಬ್ನರ್ ಡಬಲ್‌ಡೇ ಈ ಆಟವನ್ನು ಕಂಡುಹಿಡಿದರೆಂದು ಬಹುಕಾಲ ಶಾಲೆಯ ಮಕ್ಕಳಿಗೆ ಹೇಳಿಕೊಡಲಾಗುತ್ತಿತ್ತು. ಅದು ಕಟ್ಟುಕತೆ. ಆ ವರ್ಷ ಡಬಲ್‌ಡೇ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ವಿದ್ಯಾರ್ಥಿ. ಆದರೂ ಆಟದ ಕೀರ್ತಿಭವನವಾದ ಹಾಲ್ ಆಫ್ ಫೇಮ್ 1939ರಲ್ಲಿ ಅದೇ ಊರಿನಲ್ಲಿ ತೆರೆಯಿತು, ಇಂದಿಗೂ ಅಲ್ಲೇ ಇದೆ.

ಆಟದ ಆರಂಭದಲ್ಲಿ ಕ್ರಿಕೆಟ್‌ನ ಪಾತ್ರ ದೊಡ್ಡದು. ಮೊದಲ ಬಹಿರಂಗ ವೃತ್ತಿಪರ ತಂಡ 1869ರ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್. ಅದನ್ನು ಕಟ್ಟಿದ ಹ್ಯಾರಿ ರೈಟ್ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹುಟ್ಟಿದವರು. ಅವರ ತಂದೆ ನ್ಯೂಯಾರ್ಕಿನ ಸೇಂಟ್ ಜಾರ್ಜ್ ಕ್ರಿಕೆಟ್ ಕ್ಲಬ್‌ನಲ್ಲಿ ಸಂಬಳಕ್ಕಿದ್ದ ಕ್ರಿಕೆಟಿಗ. ಆ ತಂಡದಲ್ಲಿ ಅತಿ ಹೆಚ್ಚು ಸಂಬಳ ಪಡೆದವರು ಹ್ಯಾರಿಯ ತಮ್ಮ ಜಾರ್ಜ್: ಋತುವಿಗೆ 1,400 ಡಾಲರ್. ಇನ್ನು ಅಂಕಿಗಳ ವಿಷಯಕ್ಕೆ ಬಂದರೆ, ಪಂದ್ಯದ ಸಾರವನ್ನು ಒಂದು ಪುಟ್ಟ ಪಟ್ಟಿಯಲ್ಲಿ ಇಳಿಸುವ ‘ಬಾಕ್ಸ್ ಸ್ಕೋರ್’ ಪದ್ಧತಿಯನ್ನು ಬೆಳೆಸಿದವರು ಹೆನ್ರಿ ಚಾಡ್ವಿಕ್. ಇವರೂ ಇಂಗ್ಲೆಂಡಿನಲ್ಲೇ ಹುಟ್ಟಿದವರು. ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆಯುತ್ತಿದ್ದ ಚಾಡ್ವಿಕ್, ಕ್ರಿಕೆಟ್ ಸ್ಕೋರ್ ಪಟ್ಟಿಯ ಶಿಸ್ತನ್ನು ಹೊಸ ಆಟಕ್ಕೆ ತಂದರು. ಮುಂದೆ ಬರುವ ಎಲ್ಲ ದಾಖಲೆಗಳಿಗೂ ತಳಹದಿ ಅದೇ.

ಎರಡು ಸಲ ಬರೆದ ಒಂದು ಪಂದ್ಯ

ಡೆಟ್ರಾಯ್ಟ್ ಟೈಗರ್ಸ್ ತಂಡದ ಟೈ ಕಾಬ್ ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳ ಅಪ್ರತಿಮ ಬ್ಯಾಟರ್. 1936ರಲ್ಲಿ ಹಾಲ್ ಆಫ್ ಫೇಮ್‌ಗೆ ಮೊದಲ ಐವರನ್ನು ಆರಿಸಿದಾಗ 226 ಮತಗಳಲ್ಲಿ 222 ಮತ ಇವರಿಗೇ ಬಿತ್ತು. ಬೇಬ್ ರೂತ್‌ಗೂ ಅಷ್ಟು ಬರಲಿಲ್ಲ. ಆದರೆ ಕಾಬ್‌ ಅವರ ಅಂಕಿಗಳಲ್ಲಿ ಒಂದು ಕೊಕ್ಕೆ ಉಳಿದಿದೆ. ಇಡೀ ಬೇಸ್‌ಬಾಲ್ ಚರಿತ್ರೆಯಲ್ಲಿ ದಾಖಲೆ ಎಂದರೇನು ಎಂಬುದನ್ನು ಇಷ್ಟು ಚೆನ್ನಾಗಿ ಕಲಿಸುವ ಪ್ರಸಂಗ ಇನ್ನೊಂದಿಲ್ಲ.

1910ರಲ್ಲಿ ಚಾಮರ್ಸ್ ಮೋಟಾರು ಕಂಪನಿ ಅತಿ ಹೆಚ್ಚು ಸರಾಸರಿ ಗಳಿಸಿದ ಆಟಗಾರನಿಗೆ ಒಂದು ಕಾರು ಕೊಡುವುದಾಗಿ ಸಾರಿತು. ಪೈಪೋಟಿ ಕಾಬ್‌ಗೂ ಕ್ಲೀವ್ಲೆಂಡಿನ ನ್ಯಾಪ್ ಲಾಜ್ವೆಗೂ. ಲಾಜ್ವೆ ಎಷ್ಟು ಜನಪ್ರಿಯರಾಗಿದ್ದರೆಂದರೆ ಅವರ ತಂಡವನ್ನೇ ‘ನ್ಯಾಪ್ಸ್’ ಎಂದು ಕರೆಯುತ್ತಿದ್ದರು. ಮುಂದಿದ್ದ ಕಾಬ್ ಸರಾಸರಿ ಉಳಿಸಿಕೊಳ್ಳಲು ಕೊನೆಯ ಎರಡು ಪಂದ್ಯ ಆಡಲಿಲ್ಲ. ಅಕ್ಟೋಬರ್ 9ರಂದು ಸೇಂಟ್ ಲೂಯಿಸ್‌ನಲ್ಲಿ ಕ್ಲೀವ್ಲೆಂಡಿಗೆ ಒಂದೇ ದಿನ ಎರಡು ಪಂದ್ಯ. ಎದುರಾಳಿ ಬ್ರೌನ್ಸ್ ತಂಡದ ಮ್ಯಾನೇಜರ್ ಜ್ಯಾಕ್ ಓಕಾನರ್, ಮೂರನೆಯ ಬೇಸ್ ಕಾಯುತ್ತಿದ್ದ ಹೊಸ ಹುಡುಗ ರೆಡ್ ಕಾರಿಡನ್‌ಗೆ ಹಿಂದೆ ಸರಿದು, ಬಹಳ ದೂರ ನಿಲ್ಲಲು ಹೇಳಿದರು. ಲಾಜ್ವೆ ಚೆಂಡನ್ನು ಮೆಲ್ಲಗೆ ಆ ಕಡೆ ತಟ್ಟಿ ಓಡಿದರು. ಮತ್ತೆ ತಟ್ಟಿದರು, ಮತ್ತೆ ಓಡಿದರು. ದಿನ ಮುಗಿಯುವಷ್ಟರಲ್ಲಿ ಎಂಟು ಹಿಟ್, ಅದರಲ್ಲಿ ಹೆಚ್ಚಿನವು ಹೀಗೆ ತಟ್ಟಿದವು. ಕಾಬ್ ಗೆಲ್ಲಬಾರದೆಂಬ ಹಟ ಬ್ರೌನ್ಸ್ ಪಾಳೆಯದಲ್ಲಿ ಇತ್ತೆಂಬುದು ಎಲ್ಲರಿಗೂ ಕಂಡಿತು. ಓಕಾನರ್ ಕೆಲಸ ಕಳೆದುಕೊಂಡರು. ಲೀಗ್ ಅಧ್ಯಕ್ಷ ಬ್ಯಾನ್ ಜಾನ್ಸನ್ ಲೆಕ್ಕ ಪರಿಶೀಲಿಸಿ ಕೂದಲೆಳೆಯ ಅಂತರದಲ್ಲಿ ಕಾಬ್ ಗೆದ್ದರೆಂದು ಘೋಷಿಸಿದರು. ಕಂಪನಿ ಇಬ್ಬರಿಗೂ ಕಾರು ಕೊಟ್ಟಿತು.

ಕತೆ ಅಲ್ಲಿಗೆ ಮುಗಿಯಲಿಲ್ಲ. 71 ವರ್ಷಗಳ ನಂತರ, 1981ರಲ್ಲಿ, ಹಳೆಯ ಕಡತಗಳನ್ನು ಸಾಲುಸಾಲಾಗಿ ನೋಡಿದವರು ಕಂಡ ಒಂದು ತಪ್ಪು ಬಯಲಾಯಿತು: ಕಾಬ್ ಎರಡು ಹಿಟ್ ಗಳಿಸಿದ್ದ ಒಂದು ಪಂದ್ಯವನ್ನು ಎರಡು ಸಲ ಬರೆಯಲಾಗಿತ್ತು. ಅದನ್ನು ತೆಗೆದರೆ 1910ರ ಕಿರೀಟ ಲಾಜ್ವೆಗೆ ಸಲ್ಲಬೇಕು. ಅಂದಿನ ಕಮಿಷನರ್ ಬೋವಿ ಕೂನ್ ದಾಖಲೆ ತಿದ್ದಲು ಒಪ್ಪಲಿಲ್ಲ. ಇದರ ಪರಿಣಾಮ ಇನ್ನೊಬ್ಬರವರೆಗೂ ಹರಿಯಿತು. ಕಾಬ್ ಅವರ ಅಧಿಕೃತ ಹಿಟ್ 4,191. ಮರುಎಣಿಕೆಯ ಪ್ರಕಾರ 4,189. ಸಿನ್ಸಿನಾಟಿ ತಂಡದ ಪೀಟ್ ರೋಸ್ 4,192ನೆಯ ಹಿಟ್ ಹೊಡೆದು ಕಾಬ್‌ ಅವರನ್ನು ದಾಟಿದ್ದು 1985ರ ಸೆಪ್ಟೆಂಬರ್ 11ರಂದು, ಸ್ವಂತ ಮೈದಾನದಲ್ಲಿ, ಕಿಕ್ಕಿರಿದ ಜನರೆದುರು. ಸರಿಯಾದ ಲೆಕ್ಕ ಹಿಡಿದರೆ ಅವರು ಆ ಗಡಿ ದಾಟಿದ್ದು ಮೂರು ದಿನ ಮೊದಲು, ಷಿಕಾಗೋದಲ್ಲಿ. ಮರುಎಣಿಕೆಯೇ ಸರಿ ಎಂಬುದು ಈ ಲೇಖಕನ ಅಭಿಪ್ರಾಯ. ಗೊತ್ತಿದ್ದೂ ತಪ್ಪನ್ನು ಉಳಿಸಿಕೊಳ್ಳುವುದು ಲಾಜ್ವೆಗೆ ಮಾಡಿದ ಅನ್ಯಾಯ.

ಚೆಂಡೆಸೆಯುವವರಿಗೆ ಪಿಚರ್ ಎಂದು ಹೆಸರು. ಇದೇ ಕಾಲದ ಪಿಚರ್‌ಗಳೂ ದೊಡ್ಡ ದಾಖಲೆಗಳನ್ನು ಬಿಟ್ಟುಹೋಗಿದ್ದಾರೆ. ಸೈ ಯಂಗ್ 511 ಪಂದ್ಯ ಗೆದ್ದರು, 315 ಸೋತರು. ಗೆದ್ದದ್ದರಲ್ಲೂ ಸೋತದ್ದರಲ್ಲೂ ಅವರದೇ ದಾಖಲೆ. ‘ಸೈ’ ಎಂಬುದು ಸೈಕ್ಲೋನ್ ಪದದ ಮೊಟಕು. ಎರಡನೆಯ ಸ್ಥಾನದ ವಾಲ್ಟರ್ ಜಾನ್ಸನ್ ಗೆದ್ದದ್ದು 417. ಇಂದು ಪಿಚರ್‌ಗಳನ್ನು ಪಂದ್ಯದ ನಡುವೆಯೇ ಬದಲಿಸುವುದರಿಂದ 2009ರಲ್ಲಿ ರ‍್ಯಾಂಡಿ ಜಾನ್ಸನ್ ನಂತರ 300 ಗೆಲುವು ಮುಟ್ಟಿದವರೇ ಇಲ್ಲ. ಕ್ರಿಸ್ಟಿ ಮ್ಯಾಥ್ಯೂಸನ್ 1905ರ ವರ್ಲ್ಡ್ ಸೀರೀಸ್‌ನಲ್ಲಿ ಮೂರು ಪಂದ್ಯ ಪೂರ್ತಿ ಎಸೆದು ಒಂದು ರನ್ನೂ ಕೊಡಲಿಲ್ಲ. ಪಿಟ್ಸ್‌ಬರ್ಗ್‌ನ ಶಾರ್ಟ್‌ಸ್ಟಾಪ್ ಹೋನಸ್ ವ್ಯಾಗ್ನರ್ ಎಂಟು ಸಲ ಲೀಗ್‌ನ ಶ್ರೇಷ್ಠ ಸರಾಸರಿ ಗಳಿಸಿದರೂ ಇಂದು ಹೆಚ್ಚಿನವರು ಅವರನ್ನು ಬಲ್ಲದ್ದು ಸಿಗರೇಟ್ ಪ್ಯಾಕಿನಲ್ಲಿ ಬರುತ್ತಿದ್ದ ಒಂದು ಚಿತ್ರದ ಕಾರ್ಡಿನಿಂದ. ಅವರು ಒಪ್ಪದ ಕಾರಣ ಅದರ ಮುದ್ರಣ ಬೇಗ ನಿಂತು ಕೆಲವೇ ಪ್ರತಿಗಳು ಉಳಿದವು. ಅದರಲ್ಲೊಂದು 2022ರಲ್ಲಿ 72.5 ಲಕ್ಷ ಡಾಲರ್‌ಗೆ ಮಾರಾಟವಾಯಿತು.

ಒಂದು ಸಾವು, ಒಂದು ಹಿಡಿ ಕೆಸರು

ಮೇಜರ್ ಲೀಗ್ ಪಂದ್ಯದಲ್ಲಿ ಚೆಂಡೇಟಿನಿಂದ ಸತ್ತ ಆಟಗಾರ ಒಬ್ಬರೇ: ಕ್ಲೀವ್ಲೆಂಡಿನ ರೇ ಚಾಪ್ಮನ್. 1920ರ ಆಗಸ್ಟ್ 16ರಂದು ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್‌ನಲ್ಲಿ ಯಾಂಕೀಸ್ ತಂಡದ ಕಾರ್ಲ್ ಮೇಸ್ ಎಸೆದ ಚೆಂಡು ಅವರ ತಲೆಗೆ ಬಡಿಯಿತು. ಕೆಳಗಿನಿಂದ ಕೈಬೀಸಿ ಎಸೆಯುವುದು ಮೇಸ್ ಅವರ ಶೈಲಿ. ಅಂದಿನ ಚೆಂಡೋ ಇಡೀ ಪಂದ್ಯಕ್ಕೆ ಒಂದೇ ಎಂಬಷ್ಟು ಬಳಸಿ, ಎಂಜಲು ತಂಬಾಕು ಮಣ್ಣು ಮೆತ್ತಿ ಕಪ್ಪಾಗಿರುತ್ತಿತ್ತು. ಸಂಜೆ ಬೆಳಕಿನಲ್ಲಿ ಕಾಣುವುದೇ ಕಷ್ಟ. ಬಡಿದ ಸದ್ದು ಎಷ್ಟು ಜೋರಾಗಿತ್ತೆಂದರೆ ಬ್ಯಾಟಿಗೆ ತಾಗಿತೆಂದೇ ತಿಳಿದ ಮೇಸ್, ತಮ್ಮತ್ತ ಉರುಳಿಬಂದ ಚೆಂಡನ್ನು ಹಿಡಿದು ಮೊದಲ ಬೇಸ್‌ಗೆ ಎಸೆದರು. ಮರುದಿನ ಬೆಳಗಿನ ಹೊತ್ತಿಗೆ ಚಾಪ್ಮನ್ ಇರಲಿಲ್ಲ. ಕೊಳೆಯಾದ ಚೆಂಡನ್ನು ಕೂಡಲೇ ಬದಲಿಸುವ ರೂಢಿ ಈ ಸಾವಿನ ನಂತರ ಗಟ್ಟಿಯಾಯಿತು. ತಲೆ ಕಾಯುವ ಹೆಲ್ಮೆಟ್ ಕಡ್ಡಾಯವಾಗಲು ಮಾತ್ರ 1971ರವರೆಗೆ ಕಾಯಬೇಕಾಯಿತು.

ಚಾಪ್ಮನ್ ಜಾಗಕ್ಕೆ ಕೆಲವೇ ವಾರಗಳಲ್ಲಿ ಬಂದವರು ಜೋ ಸ್ಯೂವೆಲ್. ಆ ವರ್ಷ ಕ್ಲೀವ್ಲೆಂಡ್ ವರ್ಲ್ಡ್ ಸೀರೀಸ್ ಗೆದ್ದಿತು. ಸ್ಯೂವೆಲ್ ಮುಂದೆ 14 ಋತು ಆಡಿ 7,000ಕ್ಕೂ ಹೆಚ್ಚು ಸರದಿಗಳಲ್ಲಿ ಕೇವಲ 114 ಸಲ ಸ್ಟ್ರೈಕ್‌ಔಟ್ ಆದರು, ಅಂದರೆ ಚೆಂಡನ್ನು ಹೊಡೆಯಲಾಗದೆ ಔಟಾದರು. ಈಗಿನ ಅನೇಕ ಬ್ಯಾಟರ್‌ಗಳು ಒಂದೇ ಋತುವಿನಲ್ಲಿ ಅದಕ್ಕಿಂತ ಹೆಚ್ಚು ಸಲ ಹಾಗೆ ಔಟಾಗುತ್ತಾರೆ.

ಹೊಸ ಚೆಂಡು ಬಂದಾಗ ಹೊಸ ತೊಂದರೆಯೂ ಬಂತು. ಅದರ ತೊಗಲು ನುಣುಪು, ಪಿಚರ್ ಕೈಯಲ್ಲಿ ನಿಲ್ಲದು. ಅಂಪೈರ್‌ಗಳು ಮೈದಾನದ ಮಣ್ಣನ್ನೋ ಬೂಟು ಪಾಲಿಶನ್ನೋ ಉಜ್ಜಿ ನೋಡುತ್ತಿದ್ದರು. 1938ರಲ್ಲಿ ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ತಂಡದ ಕೋಚ್, ಮಾಜಿ ಆಟಗಾರ ಲೀನಾ ಬ್ಲ್ಯಾಕ್‌ಬರ್ನ್ ಡೆಲವೇರ್ ನದಿಯ ಒಂದು ಉಪನದಿಯ ದಡದಿಂದ ಸಣ್ಣ ಕಣದ ಕೆಸರು ತಂದರು. ಬೆರಳಿನಷ್ಟು ಅಂಟಿಸಿ ಉಜ್ಜಿದರೆ ಹೊಳಪು ಹೋಗುತ್ತದೆ, ಬಣ್ಣ ಕೆಡದು, ಹಿಡಿತ ಬರುತ್ತದೆ. ಅಂದಿನಿಂದ ಬ್ಲ್ಯಾಕ್‌ಬರ್ನ್ ಹೆಸರಿನ ಕೆಸರು ಹಂತಹಂತವಾಗಿ ಎಲ್ಲ ಮೇಜರ್ ಲೀಗ್ ತಂಡಗಳನ್ನೂ ತಲುಪಿ ಇಂದಿಗೂ ಬಳಕೆಯಲ್ಲಿದೆ. ಅದನ್ನು ಅಗೆಯುವ ಜಾಗ ಗುಟ್ಟಾಗಿಯೇ ಉಳಿದಿದೆ. ಬ್ಯಾಟರ್ ಆಗಿ ಅವರ ಹೆಸರು ಯಾರಿಗೂ ನೆನಪಿಲ್ಲ. ಆದರೆ ಬೇಸ್‌ಬಾಲ್‌ನ ಪ್ರತಿ ಚೆಂಡಿನ ಮೇಲೂ ಅವರ ಕೈಗುರುತಿದೆ.

ರೂತ್ ಮತ್ತು ಅವರನ್ನು ಔಟ್ ಮಾಡಿದವರು

ಬೇಬ್ ರೂತ್ ಹೆಸರು ಕೇಳದವರಿಲ್ಲ. ಅವರು ಮೊದಲು ಬಾಸ್ಟನ್ ರೆಡ್ ಸಾಕ್ಸ್ ತಂಡದಲ್ಲಿ ಹೆಸರಾಂತ ಪಿಚರ್ ಆಗಿದ್ದರೆಂಬುದು ಎಲ್ಲರಿಗೂ ಗೊತ್ತಿಲ್ಲ. ಪಿಚರ್ ಆಗಿ ಅವರು 94 ಪಂದ್ಯ ಗೆದ್ದು 46 ಸೋತರು. 1919ರ ಕೊನೆಯಲ್ಲಿ ಬಾಸ್ಟನ್ ಅವರನ್ನು ಯಾಂಕೀಸ್‌ಗೆ ಮಾರಿತು. 1920ರಲ್ಲಿ ರೂತ್ ಒಬ್ಬರೇ 54 ಹೋಮ್ ರನ್ (ಸಾಮಾನ್ಯವಾಗಿ ಚೆಂಡನ್ನು ಮೈದಾನದಾಚೆಗೆ ಕಳಿಸುವ ಹೊಡೆತ) ಹೊಡೆದರು. ಆ ವರ್ಷ ಅಮೆರಿಕನ್ ಲೀಗ್‌ನ ಬೇರಾವ ತಂಡವೂ ಇಡೀ ತಂಡವಾಗಿ ಅಷ್ಟು ಹೊಡೆಯಲಿಲ್ಲ. 1932ರಲ್ಲಿ ಅಮೆರಿಕ ಪ್ರವಾಸದಲ್ಲಿದ್ದ ಡಾನ್ ಬ್ರಾಡ್ಮನ್ ಯಾಂಕೀ ಕ್ರೀಡಾಂಗಣಕ್ಕೆ ಹೋಗಿ ರೂತ್‌ ಅವರನ್ನು ಕಂಡರು. ಎರಡು ಆಟಗಳ ಎರಡು ಶಿಖರಗಳು ಅಕ್ಕಪಕ್ಕ ಕೂತ ದಿನ ಅದು.

ರೂತ್‌ ಅವರನ್ನು ಔಟ್ ಮಾಡಿದ ಇಬ್ಬರು ಎಳೆಯರ ಹೆಸರು ಇಲ್ಲಿ ಬರಲೇಬೇಕು. 1931ರ ಏಪ್ರಿಲ್ 2ರಂದು ಟೆನೆಸಿಯ ಚಾಟನೂಗಾದಲ್ಲಿ ನಡೆದ ಪ್ರದರ್ಶನ ಪಂದ್ಯದಲ್ಲಿ 17 ವರ್ಷದ ಜ್ಯಾಕಿ ಮಿಚೆಲ್ ಎಂಬ ಹುಡುಗಿ ರೂತ್ ಮತ್ತು ಅವರ ತಂಡದ ಲೂ ಗೆರಿಗ್ ಇಬ್ಬರನ್ನೂ ಒಬ್ಬರ ಹಿಂದೊಬ್ಬರಂತೆ ಸ್ಟ್ರೈಕ್‌ಔಟ್ ಮಾಡಿದಳು. ಅದು ಮೊದಲೇ ಮಾತಾಡಿಕೊಂಡ ಆಟವೇ ಎಂಬ ಚರ್ಚೆ ಇಂದಿಗೂ ನಡೆಯುತ್ತಿದೆ. 1934ರ ನವೆಂಬರ್ 20ರ ಪಂದ್ಯದ ಬಗ್ಗೆ ಅಂಥ ಸಂಶಯವೇ ಇಲ್ಲ. ಜಪಾನ್ ಪ್ರವಾಸಕ್ಕೆ ಹೋದ ಅಮೆರಿಕದ ತಾರಾ ತಂಡದ ಎದುರು 17 ವರ್ಷದ ಜಪಾನಿ ಪಿಚರ್ ಏಜಿ ಸವಾಮುರ, ಆ ತಂಡದ ಗೆರಿಂಗರ್, ರೂತ್, ಗೆರಿಗ್, ಫಾಕ್ಸ್ ನಾಲ್ವರನ್ನೂ ಸಾಲಾಗಿ ಸ್ಟ್ರೈಕ್‌ಔಟ್ ಮಾಡಿದರು. ಗೆರಿಗ್ ಹೊಡೆದ ಒಂದೇ ಹೋಮ್ ರನ್ನಿನಿಂದ ಜಪಾನ್ 1-0ರಿಂದ ಸೋತಿತು. ಹತ್ತು ವರ್ಷಗಳ ನಂತರ ಯುದ್ಧದಲ್ಲಿ ಸವಾಮುರ ಪ್ರಯಾಣಿಸುತ್ತಿದ್ದ ಹಡಗು ಟಾರ್ಪೆಡೊ ಏಟಿಗೆ ಮುಳುಗಿ ಅವರು ತೀರಿಕೊಂಡರು. ಜಪಾನಿನಲ್ಲಿ ಶ್ರೇಷ್ಠ ಪಿಚರ್‌ಗೆ ಕೊಡುವ ಪ್ರಶಸ್ತಿಗೆ ಇಂದು ಅವರ ಹೆಸರಿದೆ.

ಅದೇ ಪ್ರವಾಸದ ಅಮೆರಿಕ ತಂಡದಲ್ಲಿ ಮೋ ಬರ್ಗ್ ಎಂಬ ಸಾಧಾರಣ ಕ್ಯಾಚರ್ ಇದ್ದರು. ಪ್ರಿನ್ಸ್‌ಟನ್‌ನಲ್ಲಿ ಹಲವು ಭಾಷೆ ಓದಿದವರು, ಅವುಗಳಲ್ಲಿ ಸಂಸ್ಕೃತವೂ ಒಂದು. ಟೋಕಿಯೊದ ಒಂದು ಆಸ್ಪತ್ರೆಯ ಮಾಳಿಗೆ ಹತ್ತಿ ನಗರವನ್ನು ಚಲನಚಿತ್ರ ಕ್ಯಾಮೆರಾದಲ್ಲಿ ಸೆರೆಹಿಡಿದರು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಗೂಢಚಾರ ಸಂಸ್ಥೆ ಸೇರಿ, 1944ರ ಡಿಸೆಂಬರಿನಲ್ಲಿ ಜ್ಯೂರಿಕ್‌ನಲ್ಲಿ ಭೌತವಿಜ್ಞಾನಿ ಹೈಸೆನ್‌ಬರ್ಗ್ ಉಪನ್ಯಾಸಕ್ಕೆ ಜೇಬಿನಲ್ಲಿ ಪಿಸ್ತೂಲು ಇಟ್ಟುಕೊಂಡು ಹೋಗಿ ಕೂತರು. ಜರ್ಮನಿ ಅಣುಬಾಂಬಿಗೆ ಹತ್ತಿರವಾಗಿದೆ ಎಂದು ಅನ್ನಿಸಿದರೆ ಗುಂಡು ಹಾರಿಸಬೇಕೆಂದು ಆಜ್ಞೆಯಿತ್ತು. ಹಾಗೆ ಅನ್ನಿಸಲಿಲ್ಲ, ಹಾರಿಸಲಿಲ್ಲ.

1941

ಯಾಂಕೀಸ್‌ನ ಲೂ ಗೆರಿಗ್ 1925ರ ಜೂನ್ 1ರಿಂದ 1939ರ ಏಪ್ರಿಲ್ ಕೊನೆಯವರೆಗೆ ಒಂದೂ ಪಂದ್ಯ ತಪ್ಪಿಸದೆ 2,130 ಪಂದ್ಯ ಆಡಿದರು. ನರಗಳನ್ನು ಕೊಲ್ಲುವ ರೋಗ ಹಿಡಿದು ತಾವಾಗಿಯೇ ಹೊರಗೆ ಕೂತರು. ಅಮೆರಿಕದಲ್ಲಿ ಆ ರೋಗವನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ಅವರ 4ನೇ ನಂಬರಿನ ಅಂಗಿಯನ್ನು ಬೇರೆಯವರಿಗೆ ಕೊಡದೆ ತೆಗೆದಿರಿಸಿದ್ದು ಮೇಜರ್ ಲೀಗ್‌ನಲ್ಲಿ ಮೊದಲನೆಯದು. ಅವರು ತೀರಿಕೊಂಡದ್ದು 1941ರ ಜೂನ್ 2ರಂದು. ಆಗ ಅವರ ತಂಡದ ಜೋ ಡಿಮ್ಯಾಜಿಯೊ ಪ್ರತಿ ಪಂದ್ಯದಲ್ಲೂ ಕನಿಷ್ಠ ಒಂದು ಹಿಟ್ ಗಳಿಸುತ್ತ ಸಾಗಿದ್ದರು. ಮೇ 15ರಂದು ಶುರುವಾದ ಆ ಸರಣಿ 56 ಪಂದ್ಯಗಳ ನಂತರ ಜುಲೈ 17ರಂದು ಕ್ಲೀವ್ಲೆಂಡಿನಲ್ಲಿ ಮುರಿಯಿತು. ಮುರಿದ ಮೇಲೂ ಮತ್ತೆ 16 ಪಂದ್ಯ ಬಿಡದೆ ಹಿಟ್ ಗಳಿಸಿದರು.

ಅದೇ ವರ್ಷದ ಇನ್ನೊಂದು ಸಾಧನೆ ಬಾಸ್ಟನ್‌ನ ಟೆಡ್ ವಿಲಿಯಮ್ಸ್ ಅವರದು. ಸೆಪ್ಟೆಂಬರ್ 28, ಋತುವಿನ ಕೊನೆಯ ದಿನ, ಫಿಲಡೆಲ್ಫಿಯಾದಲ್ಲಿ ಎರಡು ಪಂದ್ಯ. ಅವರ ಲೆಕ್ಕ 448 ಸರದಿಗೆ 179 ಹಿಟ್, ಅಂದರೆ 0.39955. ಮೂರು ಸ್ಥಾನಕ್ಕೆ ಸರಿಹೊಂದಿಸಿದರೆ ಸರಿಯಾಗಿ 0.400. ಬೇಕಿದ್ದರೆ ಆಡಬೇಡ ಎಂದು ಮ್ಯಾನೇಜರ್ ಜೋ ಕ್ರೋನಿನ್ ಹೇಳಿದರು. 23ರ ವಿಲಿಯಮ್ಸ್ ಎರಡೂ ಪಂದ್ಯ ಆಡಿದರು. ಎಂಟು ಸರದಿಗೆ ಆರು ಹಿಟ್. ಎರಡನೆಯ ಪಂದ್ಯದಲ್ಲಿ ಹೊಡೆದ ಒಂದು ಚೆಂಡು ಮೈದಾನದ ಧ್ವನಿವರ್ಧಕಕ್ಕೆ ಬಡಿದು ಅದನ್ನು ಒಡೆಯಿತು. ಋತುವಿನ ಕೊನೆಯ ಅಂಕಿ 0.406. ಸರಾಸರಿ ಉಳಿಸಲು 1910ರಲ್ಲಿ ಕಾಬ್ ಹೊರಗೆ ಕೂತದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಈ ದಿನದ ಹಿರಿಮೆ ತಿಳಿಯುತ್ತದೆ. ಆ ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ ಡಿಮ್ಯಾಜಿಯೊಗೆ ಹೋಯಿತು. ಎರಡನೆಯ ಮಹಾಯುದ್ಧಕ್ಕೂ ಕೊರಿಯಾ ಯುದ್ಧಕ್ಕೂ ಪೈಲಟ್ ಆಗಿ ಹೋದ ವಿಲಿಯಮ್ಸ್ ಸುಮಾರು ಐದು ಋತು ಕಳೆದುಕೊಂಡರೂ 521 ಹೋಮ್ ರನ್ ಹೊಡೆದರು. ಕೊನೆಯದು 1960ರಲ್ಲಿ, ವೃತ್ತಿಜೀವನದ ಕಟ್ಟಕಡೆಯ ಸರದಿಯಲ್ಲಿ.

ಎಣಿಕೆಗೆ ಬಾರದವರು

ಇಷ್ಟು ಹೊತ್ತು ಹೇಳಿದ ಅಂಕಿಗಳಲ್ಲಿ ದೊಡ್ಡದೊಂದು ಕೊರತೆಯಿದೆ. 1947ಕ್ಕೆ ಮೊದಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮೇಜರ್ ಲೀಗ್‌ನಲ್ಲಿ ಕಪ್ಪು ವರ್ಣೀಯರಿಗೆ ಜಾಗವಿರಲಿಲ್ಲ. 1884ರಲ್ಲಿ ಟೊಲೀಡೊ ತಂಡಕ್ಕೆ ಕ್ಯಾಚರ್ ಆಗಿ ಆಡಿದ ಮೋಸಸ್ ಫ್ಲೀಟ್‌ವುಡ್ ವಾಕರ್ ನಂತರ ಬಾಗಿಲು ಮುಚ್ಚಿತು. ಬರೆದಿಟ್ಟ ನಿಯಮವಿರಲಿಲ್ಲ, ಎಲ್ಲರೂ ಒಪ್ಪಿ ಪಾಲಿಸಿದ ಕಟ್ಟಳೆ ಇತ್ತು. ಹೊರಗೆ ಉಳಿದವರು ತಮ್ಮದೇ ಲೀಗ್ ಕಟ್ಟಿದರು. 1920ರಲ್ಲಿ ಕಾನ್ಸಸ್ ಸಿಟಿಯಲ್ಲಿ ರೂಬ್ ಫಾಸ್ಟರ್ ನೀಗ್ರೊ ನ್ಯಾಷನಲ್ ಲೀಗ್ ಆರಂಭಿಸಿದರು.

ಆ ಲೀಗ್‌ಗಳ ಮಹಾನ್ ಬ್ಯಾಟರ್ ಹೋಮ್‌ಸ್ಟೆಡ್ ಗ್ರೇಸ್ ತಂಡದ ಕ್ಯಾಚರ್ ಜಾಶ್ ಗಿಬ್ಸನ್. ಮಹಾನ್ ಪಿಚರ್ ಸ್ಯಾಚೆಲ್ ಪೇಜ್. 1947ರ ಜನವರಿ 20ರಂದು, 35ನೆಯ ವಯಸ್ಸಿನಲ್ಲಿ ಗಿಬ್ಸನ್ ತೀರಿಕೊಂಡರು. ಮೂರು ತಿಂಗಳೂ ತುಂಬಿರಲಿಲ್ಲ, ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಡ್ಜರ್ಸ್ ಪರವಾಗಿ ಜ್ಯಾಕಿ ರಾಬಿನ್ಸನ್ ಮೈದಾನಕ್ಕಿಳಿದು ಬಾಗಿಲು ತೆರೆದರು. ಮೂರು ವರ್ಷ ಮೊದಲು ಸೈನ್ಯದಲ್ಲಿದ್ದಾಗ ಬಸ್ಸಿನ ಹಿಂಭಾಗಕ್ಕೆ ಹೋಗಲು ಒಪ್ಪದೆ ಸೈನಿಕ ವಿಚಾರಣೆ ಎದುರಿಸಿ ನಿರ್ದೋಷಿಯಾಗಿ ಹೊರಬಂದವರು ಇವರು. ಅವರ 42ನೇ ನಂಬರನ್ನು 1997ರಲ್ಲಿ ಎಲ್ಲ ತಂಡಗಳೂ ಒಟ್ಟಾಗಿ ತೆಗೆದಿರಿಸಿದವು. ಪ್ರತಿ ಏಪ್ರಿಲ್ 15ರಂದು ಮಾತ್ರ ಎಲ್ಲ ಆಟಗಾರರೂ ಅದೇ ನಂಬರ್ ತೊಡುತ್ತಾರೆ. ಕೊನೆಯದಾಗಿ ಬಾಗಿಲು ತೆರೆದ ತಂಡ ಬಾಸ್ಟನ್ ರೆಡ್ ಸಾಕ್ಸ್, 1959ರಲ್ಲಿ.

ಪೇಜ್‌ ಅವರಿಗೆ ಮೇಜರ್ ಲೀಗ್ ಸಿಕ್ಕಿದ್ದು 42ನೆಯ ವಯಸ್ಸಿನಲ್ಲಿ, 1948ರಲ್ಲಿ. ಆ ವರ್ಷವೇ ಕ್ಲೀವ್ಲೆಂಡ್ ತಂಡದೊಂದಿಗೆ ವರ್ಲ್ಡ್ ಸೀರೀಸ್ ಗೆದ್ದರು. 1965ರ ಸೆಪ್ಟೆಂಬರ್ 25ರಂದು ಕಾನ್ಸಸ್ ಸಿಟಿ ಪರ ಕೊನೆಯ ಸಲ ಎಸೆದಾಗ ವಯಸ್ಸು 59. ಬಾಸ್ಟನ್ ವಿರುದ್ಧ ಮೂರು ಇನಿಂಗ್ಸ್, ಒಂದೇ ಹಿಟ್, ರನ್ ಇಲ್ಲ. ಯೌವನದಲ್ಲಿ ಅವರು ಹೇಗೆ ಎಸೆಯುತ್ತಿದ್ದಿರಬೇಕು!

ನೀಗ್ರೊ ಲೀಗ್‌ನ ಇಂಡಿಯಾನಾಪೊಲಿಸ್ ಕ್ಲೌನ್ಸ್ ತಂಡದಿಂದ 1952ರಲ್ಲಿ ಹೊರಟ ಹ್ಯಾಂಕ್ ಆರನ್, 1974ರ ಏಪ್ರಿಲ್ 8ರಂದು 715ನೆಯ ಹೋಮ್ ರನ್ ಹೊಡೆದು ರೂತ್ ದಾಖಲೆ ದಾಟಿದರು. ಆ ದಾರಿಯುದ್ದಕ್ಕೂ ಕೊಲೆ ಬೆದರಿಕೆಯ ಪತ್ರಗಳು ಬರುತ್ತಿದ್ದವು. ಅವರು ಒಟ್ಟು 755 ಹೊಡೆದರು. ಅವಷ್ಟನ್ನೂ ಕಳೆದುಬಿಟ್ಟರೂ ಅವರ ಖಾತೆಯಲ್ಲಿ 3,016 ಹಿಟ್ ಉಳಿಯುತ್ತವೆ. ಪೋರ್ಟೊರಿಕೊದ ರೊಬೆರ್ಟೊ ಕ್ಲೆಮೆಂಟೆ 1972ರ ಸೆಪ್ಟೆಂಬರ್ 30ರಂದು ಸರಿಯಾಗಿ 3,000ನೆಯ ಹಿಟ್ ಗಳಿಸಿದರು. ಡಿಸೆಂಬರ್ 31ರಂದು ನಿಕರಾಗುವಾ ಭೂಕಂಪ ಸಂತ್ರಸ್ತರಿಗೆ ನೆರವು ಒಯ್ಯುತ್ತಿದ್ದ ವಿಮಾನ ಸಮುದ್ರಕ್ಕೆ ಬಿದ್ದು ಸತ್ತರು.

1966ರಲ್ಲಿ ಹಾಲ್ ಆಫ್ ಫೇಮ್‌ಗೆ ಸೇರಿದ ದಿನ ಟೆಡ್ ವಿಲಿಯಮ್ಸ್ ತಮ್ಮ ಭಾಷಣದಲ್ಲಿ, ಅವಕಾಶ ಸಿಗದೆ ಹೋದ ಪೇಜ್ ಮತ್ತು ಗಿಬ್ಸನ್ ಅವರಂಥವರಿಗೂ ಇಲ್ಲಿ ಜಾಗ ಸಿಗಲಿ ಎಂದು ಕೇಳಿಕೊಂಡರು. ಅಂದಿನ ವಾತಾವರಣದಲ್ಲಿ ಯಾರೂ ನಿರೀಕ್ಷಿಸದ ಮಾತು. ಅವರ ಎಲ್ಲ ಹಿಟ್‌ಗಳಿಗಿಂತ ಆ ಕೆಲವು ವಾಕ್ಯಗಳೇ ದೊಡ್ಡವು ಎಂದರೆ ಅತಿಶಯವಲ್ಲ. 1971ರಲ್ಲಿ ಪೇಜ್, 1972ರಲ್ಲಿ ಗಿಬ್ಸನ್ ಅಲ್ಲಿಗೆ ಸೇರಿದರು. ಪಿಟ್ಸ್‌ಬರ್ಗ್‌ನಲ್ಲಿ ಗಿಬ್ಸನ್ ಸಮಾಧಿಗೆ ಹೆಸರಿನ ಕಲ್ಲು ಬಂದದ್ದು 1975ರಲ್ಲಿ.

2020ರ ಡಿಸೆಂಬರಿನಲ್ಲಿ, 1920ರಿಂದ 1948ರವರೆಗಿನ ಏಳು ನೀಗ್ರೊ ಲೀಗ್‌ಗಳನ್ನು ಮೇಜರ್ ಲೀಗ್ ಎಂದೇ ಒಪ್ಪಿಕೊಳ್ಳಲಾಯಿತು. 2024ರ ಮೇ ತಿಂಗಳಲ್ಲಿ 2,300ಕ್ಕೂ ಹೆಚ್ಚು ಆಟಗಾರರ ಅಂಕಿಗಳು ಅಧಿಕೃತ ಪುಸ್ತಕ ಸೇರಿದವು. ವೃತ್ತಿಜೀವನದ ಸರಾಸರಿಯಲ್ಲಿ ಗಿಬ್ಸನ್ 0.372, ಕಾಬ್ 0.367. ಒಂದು ಋತುವಿನ ಶ್ರೇಷ್ಠ ಸರಾಸರಿಯೂ ಗಿಬ್ಸನ್‌ ಅವರದೇ: 1943ರಲ್ಲಿ 0.466. ನೀಗ್ರೊ ಲೀಗ್ ಋತುಗಳು ಚಿಕ್ಕವು, ಹೋಲಿಕೆ ಸರಿಯಲ್ಲ ಎಂದು ಕೆಲವರು ಆಕ್ಷೇಪಿಸಿದರು. ಚಿಕ್ಕ ಋತು ಆಡಬೇಕಾದ ಸ್ಥಿತಿ ತಂದವರು ಅವರನ್ನು ಹೊರಗಿಟ್ಟವರೇ ಎಂಬುದು ಆ ಆಕ್ಷೇಪಕ್ಕೆ ಸಾಕಷ್ಟು ಉತ್ತರ. ಆ ಲೀಗ್‌ಗಳ ಪಂದ್ಯಗಳಲ್ಲಿ ಸುಮಾರು ಮುಕ್ಕಾಲು ಪಾಲಿನ ವಿವರ ಮಾತ್ರ ಈವರೆಗೆ ಸಿಕ್ಕಿದೆ. ಉಳಿದವುಗಳ ಬಾಕ್ಸ್ ಸ್ಕೋರ್‌ಗಳಿಗಾಗಿ ಸಂಶೋಧಕರು ಪಿಟ್ಸ್‌ಬರ್ಗ್ ಕೊರಿಯರ್, ಷಿಕಾಗೊ ಡಿಫೆಂಡರ್‌ನಂಥ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಹುಡುಕುತ್ತಲೇ ಇದ್ದಾರೆ. ಹೊಸದೊಂದು ಸಿಕ್ಕಾಗಲೆಲ್ಲ ಲೆಕ್ಕ ತಿದ್ದಬೇಕಾಗುತ್ತದೆ. ಮೇಲೆ ಕೊಟ್ಟಿರುವ 0.372 ಕೂಡ 2024ರ ಮೇ ತಿಂಗಳ ಅಂಕಿ ಎಂದೇ ಓದಿಕೊಳ್ಳಬೇಕು.